ಭಾವನ ಕಡೆ ವಾಲಿದ ಕೊಟ್ಟಿಗೆ

ದನಗಳ ಮೇಲಿನ ಪ್ರೀತಿಯಿಂದ ನಾನು ಕೊಟ್ಟಿಗೆ ರಿಪೇರಿ ಮಾಡಿಸಿದೆ ಎಂದು ಊರಲ್ಲಿ ಹೇಳುವವರಿದ್ದಾರೆ. ಹೇಳಲಿ. ಎಮ್ಮೆಗಳ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಆ ದಿನಗಳಲ್ಲಿ ಕೋಳಿ ಕೂಗುವ ಮೊದಲೇ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಪ್ರೀತಿಯಲ್ಲ, ಹೊಟ್ಟೆಯುರಿ. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ನಮ್ಮ ಕೊಟ್ಟಿಗೆಯ ಮುಂದೆ ಬಂದು ನಿಲ್ಲುತ್ತಿದ್ದ. ನಿನ್ನೆಗಿಂತ ಎಷ್ಟು ವಾಲಿದೆ ಎಂದು ತಲೆ ಓರೆ ಮಾಡಿ ನೋಡುತ್ತಿದ್ದ. ಆ ನೋಟಕ್ಕೆ ನಾನೊಂದು ಉತ್ತರ ಕೊಡಬೇಕಿತ್ತು.

ಎದುರಿಗೆ ಸಿಕ್ಕರೆ ಸೆರಗು ಹೊದ್ದು ‘ಭಾವಾರ’ ಎಂದೇ ಮಾತಾಡಿಸುತ್ತೇನೆ. ಬರೆಯುವಾಗಲೂ ಬಹುವಚನ ಹಚ್ಚುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ಹಲಗೇರಿಯಿಂದ ಸ್ವಲ್ಪ ಒಳಗಿರುವ ಊರು. ಕೊಟ್ಟಿಗೆ ಕಟ್ಟಿಸಿದ್ದು ನಮ್ಮ ಮಾವನವರ ಅಪ್ಪ. ಕಲ್ಲಿನ ಮೇಲೆ ಕೂತ ಮತ್ತಿಮರದ ಕಂಬಗಳು, ಕಂಬದ ತಲೆಯ ಮೇಲೆ ತೊಲೆ, ಅದರ ಮೇಲೆ ಹಂಚು. ಎಲ್ಲೂ ಒಂದು ಮೊಳೆಯಿಲ್ಲ. ತೊಲೆಯ ತುದಿ ಕಂಬದ ತೂತಿನೊಳಗೆ ಹೋಗಿ ಕೂತು, ಕಟ್ಟಿಗೆಯ ಬೆಣೆಯಿಂದ ಬಿಗಿಯಾಗಿತ್ತು. ನಾನು ಮದುವೆಯಾಗಿ ಬಂದಾಗ ಅದರೊಳಗೆ ಎತ್ತು, ಎಮ್ಮೆ, ಕರು, ಮೇವು, ಒಡೆದ ಕೂರಿಗೆ, ಮೂಲೆಯಲ್ಲಿ ನಮ್ಮ ಅತ್ತೆ ಬಿಸಿಲು ಇಳಿಯುವವರೆಗೆ ಮಲಗುವ ಹೊರಸು, ಎಲ್ಲವೂ ಇರುತ್ತಿದ್ದವು. ಮನೆಗಿಂತ ಅಲ್ಲೇ ತಂಪು.

ಮಾವ ತೀರಿಕೊಂಡ ಮೇಲೆ ಪಾಲಾಯಿತು. ಹೊಲ ಪಾಲು ಮಾಡುವುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಹಗ್ಗ ಹಿಡಿದು ಅಳೆದು ನಡುವೆ ಕಲ್ಲು ನೆಟ್ಟರೆ ಮುಗಿಯಿತು. ಕೊಟ್ಟಿಗೆಯನ್ನೂ ಹೊಲವೆಂದೇ ತಿಳಿದು, ಅದರ ನೆಲದ ಮೇಲೆ ನಟ್ಟನಡುವೆ ಸುಣ್ಣದ ಗೆರೆ ಎಳೆದರು. ರಸ್ತೆ ಕಡೆಯ ಅರ್ಧ ನಮಗೆ, ಹಿತ್ತಲ ಕಡೆಯ ಅರ್ಧ ಭಾವನಿಗೆ. ಮೇಲೆ ತೊಲೆಗಳು ಈ ತುದಿಯಿಂದ ಆ ತುದಿವರೆಗೆ ಅಖಂಡವಾಗಿ ಹೋಗಿವೆ, ಒಂದು ಅರ್ಧದ ಭಾರವನ್ನು ಇನ್ನೊಂದು ಅರ್ಧ ಹಿಡಿದು ನಿಲ್ಲಿಸಿದೆ ಎಂಬುದನ್ನು ಯಾರೂ ತಲೆ ಎತ್ತಿ ನೋಡಲಿಲ್ಲ. ಹೊಲ ಅಳೆಯುವವರಿಗೆ ತಲೆ ಎತ್ತಿ ನೋಡುವ ರೂಢಿ ಎಲ್ಲಿಂದ ಬರಬೇಕು!

ಅದರ ಮೇಲೆ ಇನ್ನೊಂದು ಮಾತು ಸೇರಿಸಿದರು. ಭಾವನ ಹಿತ್ತಲಿಗೆ ರಸ್ತೆಯಿಂದ ಒಂದು ಸಣ್ಣ ಸಂದಿ ಮಾತ್ರ ಇತ್ತು. ಆತ ಅದನ್ನು ಹಿಡಿದು ತಕರಾರು ತೆಗೆದಾಗ, ಹಿರಿಯರಲ್ಲಿ ಎಲ್ಲರಿಗಿಂತ ದೊಡ್ಡವರು ಹೇಳಿದರು: “ಕೊಟ್ಟಿಗಿ ನಿಂತಿರೂತನಾ ಆ ರಸ್ತಿ ಕಡೀ ಜಾಗ ನಿನ್ನ ತಮ್ಮಂದು. ಬಿತ್ತಂದ್ರ ಎರಡೂ ಮನಿಗೆ ದಾರಿ. ಆಮ್ಯಾಲೆ ಅಲ್ಲಿ ಯಾರೂ ಏನೂ ಕಟ್ಟಂಗಿಲ್ಲ.” ನನ್ನ ಗಂಡ ಹೂಂ ಅಂದರು. ಅವರು ಎಲ್ಲದಕ್ಕೂ ಹೂಂ ಅನ್ನುವವರು.

ಐದಾರು ವರ್ಷದ ಹಿಂದೆ ಭಾವನಿಗೆ ಹಿತ್ತಲಲ್ಲಿ ಆರ್‌ಸಿಸಿ ಮನೆ ಕಟ್ಟಿಸುವ ಹುಕಿ ಬಂತು. ನಾನೂ ನನ್ನ ಗಂಡನೂ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ಹೋದ ದಿನವನ್ನೇ ನೋಡಿಕೊಂಡು ಮಷಿನ್ ಗರಗಸ ತರಿಸಿದ. ಸಂಜೆ ಬಂದು ನೋಡಿದರೆ ಅರ್ಧ ಕೊಟ್ಟಿಗೆ ಇಲ್ಲ. ಸುಣ್ಣದ ಗೆರೆ ಎಲ್ಲಿತ್ತೋ ಸರಿಯಾಗಿ ಅದರ ನೇರಕ್ಕೆ, ಬೆಲ್ಲದ ಅಚ್ಚು ಕೊಯ್ದ ಹಾಗೆ, ತೊಲೆಗಳನ್ನು ಕೊಯ್ದಿದ್ದ. ಗರಗಸದ ಸಪ್ಪಳಕ್ಕೆ ಬೆದರಿದ ನಮ್ಮ ಎಮ್ಮೆಗಳು ಹಗ್ಗ ಜಗ್ಗಿ ಜಗ್ಗಿ ಕೊರಳು ತರಚಿಕೊಂಡು ನಿಂತಿದ್ದವು.

“ನನ್ನ ಪಾಲು ನಾ ತಗದೇನಿ,” ಅಂದ ಭಾವ. “ನಿಮ್ಮ ಪಾಲಿನ ಒಂದ ಹಂಚಿಗೂ ಕೈ ಹಚ್ಚಿಲ್ಲ. ಬೇಕಾದ್ರ ಎಣಿಸಿಕೋರಿ.”

ಅವನ ಹೆಂಡತಿ, ನನ್ನ ನೆಗೆಣ್ಣಿ, ಮಾತು ಕಡಿಮೆಯ ಹೆಂಗಸು. ಹೊಸ ಮನೆಯ ಬುನಾದಿ ಪೂಜೆಯ ದಿನ ಒಂದು ಬಟ್ಟಲು ಶಿರಾ ಮುಚ್ಚಿಕೊಂಡು ತಂದು ನನ್ನ ಕೈಗಿಟ್ಟು ಹೋದಳು. ನಾನು ಆ ಶಿರಾ ಎಮ್ಮೆಗೆ ಹಾಕಿದೆ. ಆಕೆಗೆ ಕಾಣುವ ಹಾಗೇ ಹಾಕಿದೆ. ಬಟ್ಟಲು ಮಾತ್ರ ಚೊಕ್ಕ ತೊಳೆದು ವಾಪಸ್ ಕಳಿಸಿದೆ.

ಮುಂದಿನ ಮಳೆಗಾಲದಲ್ಲೇ ಕೊಟ್ಟಿಗೆ ವಾಲಲು ಶುರುವಾಯಿತು. ಹಿಡಿದು ನಿಲ್ಲಿಸಿದ್ದ ಅರ್ಧ ಹೋದ ಮೇಲೆ ಉಳಿದ ಅರ್ಧ ಅದೇ ಕಡೆಗೆ, ಅಂದರೆ ಭಾವನ ಹೊಸ ಮನೆಯ ಕಡೆಗೆ, ಮೆಲ್ಲಗೆ ಒರಗತೊಡಗಿತು. ಮೊದಮೊದಲು ಕಣ್ಣಿಗೆ ಬೀಳುತ್ತಿರಲಿಲ್ಲ. ಆಮೇಲೆ ಬಾಗಿಲು ಮುಚ್ಚದಾಯಿತು. ಆಮೇಲೆ ಹಂಚು ಸರಿದು ಬೀಳತೊಡಗಿದವು. ಕಳೆದ ವರ್ಷದ ಹೊತ್ತಿಗೆ ರಸ್ತೆಯಲ್ಲಿ ಹೋಗುವ ಬಸ್ಸಿನವರೂ ನೋಡಿ ಮಾತಾಡುವ ಹಾಗಾಗಿತ್ತು.

ಭಾವ ಕಾರು ತಂದಿದ್ದ. ಸಂದಿಯಲ್ಲಿ ಕಾರು ಹಿಡಿಸುತ್ತಿರಲಿಲ್ಲ. ಬೇರೆಯವರ ಮನೆಯ ಮುಂದೆ ನಿಲ್ಲಿಸಿ, ಅವರ ಕೈಲಿ ಅನ್ನಿಸಿಕೊಂಡು ನಡೆದು ಬರಬೇಕಿತ್ತು. ಹಾಗಾಗಿ ನನ್ನ ಕೊಟ್ಟಿಗೆ ಯಾವಾಗ ಬಿದ್ದೀತು ಎಂದು ಕಾಯುತ್ತಿದ್ದ. ನೂಕಿದರೆ ಕೆಟ್ಟ ಹೆಸರು. ತಾನಾಗಿ ಬಿದ್ದರೆ ದಾರಿ. ಬೆಳಿಗ್ಗೆ ಬಾಯಿತುಂಬ ಪೇಸ್ಟ್ ನೊರೆ ಇಟ್ಟುಕೊಂಡೇ ಕೇಳುತ್ತಿದ್ದ: “ಇನ್ನೂ ನಿಂತೈತಲ್ಲವಾ! ಗಟ್ಟಿ ಐತಿ ಬಿಡು!”

ನಗುತ್ತ ಕೇಳುತ್ತಿದ್ದ. ಆ ನಗುವೇ ನನಗೆ ಉರಿ.

ಅದು ಬಿದ್ದರೆ ನನಗೇನು ಹೋಗುತ್ತಿತ್ತು ಎನ್ನುವುದನ್ನು ಹೇಳಿಬಿಡುತ್ತೇನೆ. ನನ್ನ ನಾಲ್ಕು ಎಮ್ಮೆಗಳಿಗೆ ಬೇರೆ ಜಾಗವಿರಲಿಲ್ಲ. ಮನೆ ಸಣ್ಣದು, ಹೊಲ ದೂರ. ದಿನಾ ಮೊದಲ ಬಸ್ಸಿಗೆ ನನ್ನ ಹಾಲಿನ ಕ್ಯಾನು ರಾಣೇಬೆನ್ನೂರಿಗೆ ಹೋಗುತ್ತದೆ, ಎರಡು ಖಾನಾವಳಿಗೆ, ಒಂದಿಷ್ಟು ಮನೆಗಳಿಗೆ. ಮನೆ ನಡೆಯುವುದು ಅದರಿಂದ. ಹೊಲದ ಲೆಕ್ಕ ಗಂಡನದು, ಹಾಲಿನ ಲೆಕ್ಕ ನನ್ನದು, ಆ ಲೆಕ್ಕದ ಬಲದಿಂದಲೇ ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ. ಕೊಟ್ಟಿಗೆ ಹೋದರೆ ಎಮ್ಮೆ ಹೋಗುತ್ತಿದ್ದವು, ಎಮ್ಮೆ ಹೋದರೆ ನಾನು ಮತ್ತೆ ಯಾರದೋ ಸೊಸೆ, ಯಾರದೋ ಹೆಂಡತಿ. ಭಾವನಿಗೆ ಅದು ಕಾರಿನ ದಾರಿ, ಅಷ್ಟೇ.

ಗಂಡನಿಗೆ ಹೇಳಿದರೆ, “ಹೋಗ್ಲಿ ಬಿಡು, ಅಣ್ಣ ಅಲ್ಲೇನು,” ಅಂದರು.

“ಅಣ್ಣ ನಿಮಗ. ನನಗ ಏನ್ ಸಂಬಂಧ?” ಅಂದೆ. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಅದರಿಂದ ಆರಾಮವೇ ಆಯಿತೆಂದು ಕಾಣುತ್ತದೆ.

ರಾಣೇಬೆನ್ನೂರಿನಿಂದ ಒಬ್ಬ ಕಾಂಟ್ರಾಕ್ಟರನನ್ನು ಕರೆಸಿದೆ. ಆತ ಗಾಡಿಯಿಂದ ಇಳಿಯದೇ ಹೇಳಿದ: “ಕೆಡವ್ರಿ. ಎರಡ ದಿನದಾಗ ತಗಡಿನ ಪತ್ರಾಸ್ ಶೆಡ್ ನಿಲ್ಲಿಸಿಕೊಡ್ತೇನಿ.” ಕೆಡವಿದರೆ ಜಾಗವೇ ಹೋಗುತ್ತದೆ ಮಾರಾಯ ಎಂದು ತಿಳಿಸಿ ಹೇಳುವಷ್ಟರಲ್ಲಿ ಗಾಡಿ ತಿರುಗಿಸಿದ್ದ. ಇನ್ನೊಬ್ಬನೂ ಅದನ್ನೇ ಹೇಳಿದ. ಕೆಡವದೆ, ನಿಂತಲ್ಲೇ ನೆಟ್ಟಗೆ ಮಾಡುವವರು ಬೇಕು ಎಂದರೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

ಕೊನೆಗೆ ಕಾಗಿನೆಲೆ ಕಡೆಯ ಒಬ್ಬ ಬಡಿಗ ಸಿಕ್ಕ. ಬಾಯಿಬಡುಕ, ಚಹಾದ ಪಿಶಾಚಿ, ಹೇಳಿದ ದಿನ ಬರುವವನಲ್ಲ. ಅಂತೂ ಒಂದು ದಿನ ಬಂದ. ಕಂಬದ ಬುಡಕ್ಕೆ ಚಾಕು ಚುಚ್ಚಿ ನೋಡಿದ, ತೊಲೆಯ ಸಂದಿಗೆ ಬೆರಳು ಹಾಕಿದ, ತಂಬಾಕು ಉಗುಳಿದ.

“ಮ್ಯಾಲಿಂದು ಗಟ್ಟಿ ಐತ್ರಿ ಅಕ್ಕಾರ. ಕಂಬದ ಕಾಲು ಕೊಳತಾವು. ಹಂಚ ಇಳಿಸಿ, ಬೆಣಿ ಸಡಿಲ ಮಾಡಿ, ದಿನಾ ಒಂಚೂರು ಒಂಚೂರು ಎಳದ್ರ ಬರತೈತಿ. ಒಮ್ಮೆಲೆ ಎಳದ್ರ ಮುರಕೊಂಡು ಬೀಳತೈತಿ.”

“ಬಿದ್ರ ನಿಮ್ಮನ್ನ ಬಿಡಂಗಿಲ್ಲ ನಾನು.”

“ಅದು ಗೊತ್ತಾತ್ರಿ,” ಅಂದ. “ಚಾ ಇಡ್ರಿ.”

ಸುಗ್ಗಿಯ ಹೊತ್ತು. ನಮ್ಮದು ತುಸುವೇ ಹೊಲ, ನಮ್ಮ ಮೆಣಸಿನಕಾಯಿ ಆಗಲೇ ಚೀಲ ತುಂಬಿ ಬ್ಯಾಡಗಿಗೆ ಹೋಗಿತ್ತು. ಭಾವನದು ದೊಡ್ಡ ಬೆಳೆ. ಅವನ ಮನೆಯ ಹಿಂದಿನ ಕಣದ ತುಂಬ ಕಾಯಿ ಹರವಿ ಬಿದ್ದಿತ್ತು, ನೋಡಿದರೆ ಕಣ್ಣು ಕೆಂಪಾಗುವಷ್ಟು. ನೆಗೆಣ್ಣಿ ಕೂಲಿ ಹೆಂಗಸರನ್ನು ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಅದರೊಳಗೇ ಇರುತ್ತಿದ್ದಳು. ನಾವು ಎಮ್ಮೆಗಳನ್ನು ಬೇವಿನ ಮರದ ಕೆಳಗೆ ಕಟ್ಟಿ ಹಂಚು ಇಳಿಸಲು ಶುರು ಮಾಡಿದೆವು.

ಮೊದಲ ದಿನದ ಹಂಚು ಇಳಿಯುತ್ತಿದ್ದ ಹಾಗೇ ಭಾವನ ಮುಖ ಅರಳಿತು. ಮಧ್ಯಾಹ್ನದ ಹೊತ್ತಿಗೆ ಹಿರಿಯರನ್ನು ಕರೆದುಕೊಂಡು ಬಂದ.

“ನೋಡ್ರಿ, ತಾವಾ ಇಳಸಾಕತ್ತಾರ. ಕೊಟ್ಟಿಗಿ ಇಳಿಸಿದಂಗ ಆತಲ್ರಿ? ದಾರಿ ಬಿಡಸ್ರಿ.”

ಹಂಚು ಇಲ್ಲದ ಕೊಟ್ಟಿಗೆ ನಿಂತಿದೆಯೋ ಬಿದ್ದಿದೆಯೋ ಎಂದು ನಮ್ಮ ಹಿರಿಯರು ನಡುಬಿಸಿಲಲ್ಲಿ ವಾದಕ್ಕೆ ಕೂತರು. ಒಬ್ಬರು, ಮೇಲೆ ಹೊದಿಕೆ ಇಲ್ಲದಿದ್ದರೆ ಅದು ಬರೀ ಕಟ್ಟಿಗೆ ಅಂದರು. ಇನ್ನೊಬ್ಬರು, ಪಂಚೆ ಬಿಚ್ಚಿದರೆ ಮನುಷ್ಯ ಸತ್ತ ಹಾಗೇನು ಎಂದು ಕೇಳಿದರು. ಭಾವ “ಹಾವೇರಿ ಕೋರ್ಟಿಗೆ ಹೋಗ್ತೇನಿ” ಅಂದ. “ನಡೀರಿ, ನಾನೂ ಅದಽ ಬಸ್ಸಿಗೆ ಬರ್ತೇನಿ,” ಎಂದೆ ಸೆರಗಿನ ಮರೆಯಿಂದ. ಎಲ್ಲರಿಗಿಂತ ದೊಡ್ಡವರು ಕೊನೆಗೆ ಕೈ ಎತ್ತಿದರು.

“ಕಂಬ ನಿಂತ್ರ ಕೊಟ್ಟಿಗಿ ನಿಂತಂಗ. ಕಾಲು ಬದಲ ಮಾಡಾಕ ಒಂದ ಕಂಬ ಎತ್ತಿಕೋರಿ, ಅದನ್ನ ಇಳಿಸಿದ ಮ್ಯಾಲೆ ಇನ್ನೊಂದು. ಒಮ್ಮೆಲೆ ಎರಡು ಕಂಬ ಕಲ್ಲು ಬಿಟ್ಟು ಎದ್ದುವಂದ್ರ ಅದು ಬಿದ್ದಂಗನಽ. ಆತಿಲ್ಲೋ?”

ಆಯಿತು ಅಂದೆವು. ಮರುದಿನ ಬೆಳಿಗ್ಗೆ ಭಾವ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ತನ್ನ ಮನೆಯ ಮುಂದೆ, ನಮ್ಮ ಕೊಟ್ಟಿಗೆಗೆ ಎದುರಾಗಿ ಹಾಕಿಕೊಂಡು ಕೂತ. ಎರಡು ಕಂಬ ಒಮ್ಮೆ ಏಳುವುದನ್ನು ಹಿಡಿಯಲು. ಮೊಬೈಲು ಕೈಯಲ್ಲಿ, ಫೋಟೋ ತೆಗೆಯಲು ತಯಾರು. ಊಟಕ್ಕೂ ಏಳಲಿಲ್ಲ, ನೆಗೆಣ್ಣಿಯೇ ಕಣದಿಂದ ಬಂದು ತಾಟು ತಂದುಕೊಟ್ಟು ಹೋದಳು.

ಬಡಿಗ ರಸ್ತೆ ಕಡೆಯ ಬೇವಿನ ಮರಕ್ಕೆ ಚೈನ್ ಪುಲ್ಲಿ ಕಟ್ಟಿದ. ಸರಪಳಿಯ ಇನ್ನೊಂದು ತುದಿ ತೊಲೆಗೆ. ದಿನಾ ಬೆಳಿಗ್ಗೆ ಬೆಣೆಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಡಿಲಿಸುವುದು, ನನ್ನ ಗಂಡ ಪುಲ್ಲಿಯ ಸರಪಳಿ ಒಂದಿಷ್ಟು ಎಳೆಯುವುದು, ಆಮೇಲೆ ಬಿಟ್ಟು ಕೂರುವುದು. ಆ ಹಳೆಯ ಕಟ್ಟಿಗೆ ನರಳುತ್ತಿತ್ತು, ಮುದುಕರು ಏಳುವಾಗ ನರಳುವ ಹಾಗೆ. ಪ್ರತಿ ಸಲ ಅದು ಕಿರ್ರ್ ಅಂದಾಗ ಭಾವ ಕುರ್ಚಿಯಲ್ಲಿ ಮುಂದೆ ಜರಗುತ್ತಿದ್ದ. ಬೀಳಲಿಲ್ಲ ಎಂದು ಗೊತ್ತಾದಾಗ ಹಿಂದೆ ಒರಗುತ್ತಿದ್ದ. ನಾನು ಕೊಟ್ಟಿಗೆಯನ್ನಲ್ಲ, ಅವನನ್ನೇ ನೋಡುತ್ತಿದ್ದೆ.

ಕಂಬಗಳಿಗೆ ಹೊಸ ಕಾಲು ಕೂಡಿಸಲು ಹಳೆಯ ಗಟ್ಟಿ ಮತ್ತಿಕಟ್ಟಿಗೆ ಬೇಕಿತ್ತು. ಭಾವ ತನ್ನ ಪಾಲಿನ ಕಂಬಗಳನ್ನು ಬ್ಯಾಡಗಿಯ ಒಂದು ಕಟ್ಟಿಗೆ ಅಡ್ಡೆಗೆ ಮಾರಿದ್ದು ನನಗೆ ಗೊತ್ತಿತ್ತು. ಬೇಕೆಂದೇ ಅಲ್ಲಿಗೆ ಹೋದೆ. ತೊಲೆಗಳೆಲ್ಲ ಯಾರದೋ ಬಾಗಿಲು ಚೌಕಟ್ಟಾಗಿ ಹೋಗಿದ್ದವು. ಎರಡು ಕಂಬ ಮಾತ್ರ, ಕೊಯ್ಯಲು ಹೋದರೆ ಗರಗಸದ ಹಲ್ಲು ತಿನ್ನುತ್ತವೆ ಎಂದು, ಗೋಡೆಗೆ ಒರಗಿಸಿಟ್ಟಿದ್ದರು. ಒಂದರ ಮೈಮೇಲೆ ಎತ್ತುಗಳು ಕೊಂಬು ತಿಕ್ಕಿ ನುಣುಪಾದ ಗುರುತು ಇನ್ನೂ ಇತ್ತು. ಅವನ್ನು ತಂದು, ಭಾವನ ಕುರ್ಚಿಯ ಎದುರಿಗೇ ಗಾಡಿಯಿಂದ ಇಳಿಸಿದೆ.

“ಗುರುತು ಹತ್ತಿತೇನ್ರಿ ಭಾವಾರ? ನಿಮ್ಮ ಪಾಲಿನವು. ನನ್ನ ಕಂಬಕ್ಕ ಕಾಲು ಮಾಡಸಾಕತ್ತೇನಿ.”

ಅವನ ಕಿವಿ ಕೆಂಪಾದವು. ಆ ದಿನ ನಾನು ಎರಡು ರೊಟ್ಟಿ ಜಾಸ್ತಿ ತಿಂದೆ.

ಕಂಬಗಳಲ್ಲಿ ನಾಲ್ಕಕ್ಕೆ ಹೊಸ ಕಾಲು ಬಂತು. ಜಾಕ್ ಕೊಟ್ಟು ತೊಲೆಯನ್ನು ಕೂದಲೆಳೆಯಷ್ಟು ಎತ್ತುವುದು, ಕಂಬದ ಕೊಳೆತ ಬುಡ ಕೊಯ್ಯುವುದು, ಹೊಸ ತುಂಡು ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿಯುವುದು, ಇಳಿಸುವುದು. ಒಂದಾದ ಮೇಲೆ ಒಂದು. ಭಾವ ಒಂದೊಂದನ್ನೂ ಕಣ್ಣು ಮಿಟುಕಿಸದೆ ನೋಡಿದ. ಇಷ್ಟು ಹೊತ್ತಿಗೆ ಕೊಟ್ಟಿಗೆ ಹೆಚ್ಚುಕಡಿಮೆ ನೆಟ್ಟಗಾಗಿತ್ತು. ಉಳಿದದ್ದು ಬಾಗಿಲ ಎರಡು ಪಕ್ಕದ ಎರಡು ಕಂಬ ಮಾತ್ರ. ಅವತ್ತು ಬೆಳಿಗ್ಗೆ ಬಡಿಗ ಅವುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಮೇಲೆ ನೋಡಿದ. ಆಮೇಲೆ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದ.

“ಅಕ್ಕಾರ, ಇವೆರಡನ್ನ ಬ್ಯಾರೆ ಬ್ಯಾರೆ ಎತ್ತಾಕ ಬರಂಗಿಲ್ರಿ. ಎರಡರ ತಲಿ ಮ್ಯಾಲೆ ಒಂದಽ ತೊಲಿ, ಅದು ನಡಬರಕ ಸೀಳೈತಿ. ಒಂದ ಬದಿ ಎತ್ತಿದ್ರ ಅಲ್ಲೇ ಮುರಿತೈತಿ. ಎತ್ತಿದ್ರ ಎರಡೂ ಕೂಡೇ ಎತ್ತಬೇಕು.”

“ಎಷ್ಟೊತ್ತು?”

“ಕಾಲು ಕೊರದು ತಯಾರಿಟ್ಟೇನಿ. ಒಂದ ತಾಸು ಸಾಕು.”

ಒಂದು ತಾಸು ಭಾವ ಆ ಕುರ್ಚಿಯಿಂದ ಏಳಬೇಕಿತ್ತು. ಎದ್ದಾನೆಯೇ? ಹಗ್ಗ ಹಾಕಿ ಎಳೆದರೂ ಏಳುವವನಲ್ಲ. ಮೈ ಪರಚಿಕೊಳ್ಳುವ ಹಾಗಾಯಿತು ನನಗೆ. ಇಷ್ಟೆಲ್ಲ ಮಾಡಿ, ಕಡೆಯ ಎರಡು ಕಂಬದ ಮುಂದೆ ಅವನ ಮೊಬೈಲಿಗೆ ಹೆದರಿ ನಿಲ್ಲಬೇಕೇ?

ಮಧ್ಯಾಹ್ನ ಊರಲ್ಲೊಂದು ಮದುವೆ. ಕಣದ ಕೂಲಿ ಹೆಂಗಸರೆಲ್ಲ ಊಟಕ್ಕೆ ಹೋಗಿದ್ದರು. ಸೆಕೆಯೆಂದರೆ ಸೆಕೆ, ಬೇವಿನ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಭಾವನ ಕಡೆ ಕಣ್ಣು ಕೀಳದೆ ನೋಡುತ್ತಿದ್ದಾಗ ಅವನ ಮನೆಯ ತಾರಸಿಯ ಹಿಂದೆ ಮೋಡ ಕಂಡಿತು. ಕಪ್ಪಗೆ, ಬುಡವೆಲ್ಲ ನೀಲಿಯಾಗಿ, ಹಲಗೇರಿ ಕಡೆಯಿಂದ ಏಳುತ್ತಿತ್ತು. ಅವನ ಮುಖ ನನ್ನ ಕಡೆ, ಬೆನ್ನು ಮೋಡದ ಕಡೆ. ಅವನ ಕಣ್ಣು ಆ ಎರಡು ಕಂಬದ ಮೇಲೆ.

ಬಡಿಗನೂ ನೋಡಿದ. “ಅಕ್ಕಾರ, ಕಣದಾಗ ಕಾಯಿ…” ಎಂದು ಬಾಯಿ ತೆರೆದ.

“ನೀವು ಸುಮ್ನಿರ್ರಿ,” ಅಂದೆ.

ಇದನ್ನು ಮರೆಮಾಚುವುದಿಲ್ಲ. ಆಗಲೇ ಕೂಗಿ ಹೇಳಿದ್ದರೂ ಕುರ್ಚಿ ಖಾಲಿಯಾಗುತ್ತಿತ್ತು, ನನ್ನ ಕೆಲಸ ಆಗುತ್ತಿತ್ತು, ಅವನ ಕಾಯಿಯೂ ಉಳಿಯುತ್ತಿತ್ತು. ಮಳೆ ಬರಲು ಇನ್ನೂ ಹೊತ್ತಿತ್ತು, ಗುಡ್ಡೆ ಮಾಡಿ ತಾಡಪಾಲು ಹೊದಿಸಬಹುದಿತ್ತು. ನಾನು ಕೂಗಲಿಲ್ಲ. ಒಳಗೆ ಹೋಗಿ ಏಲಕ್ಕಿ ಹಾಕಿ ಚಹಾ ಮಾಡಿದೆ, ತಟ್ಟೆಯಲ್ಲಿ ಎರಡು ಖಾರಾ ಬಿಸ್ಕೀಟು ಇಟ್ಟೆ, ಕಿಟಲಿ ಸಮೇತ ನಾನೇ ಒಯ್ದೆ.

“ಚಾ ತಗೋರಿ ಭಾವಾರ. ಭಾಳ ಬಿಸಲ ಐತಿ.”

ಅವನು ನನ್ನ ಮುಖ ನೋಡಿದ, ಕಪ್ಪು ನೋಡಿದ. ಸೋತಳು, ಮೆತ್ತಗಾದಳು ಎಂದುಕೊಂಡಿರಬೇಕು. “ಇಡವಾ,” ಅಂದ. ಬಸಿಗೆ ಹೊಯ್ದುಕೊಂಡು, ಊದಿ ಊದಿ, ನಿಧಾನವಾಗಿ ಕುಡಿದ. ಅವನ ತಲೆಯ ಹಿಂದೆ ಮೋಡ ತಾರಸಿಯ ನೀರಿನ ಟಾಕಿ ದಾಟಿ ಮೇಲೆ ಬಂತು. “ಇನ್ನೊಂದ ಚೂರು ಹಾಕ್ಲೇನ್ರಿ?” ಎಂದು ಕೇಳಿದೆ. ಹಾಕು ಅಂದ. ಹಾಕಿದೆ. ಐದಾರು ವರ್ಷದ ಸಿಟ್ಟು ಹೊಟ್ಟೆಯೊಳಗೆ ತಣ್ಣಗಾಗುತ್ತ ಬಂದದ್ದು ನನಗೇ ಗೊತ್ತಾಗುತ್ತಿತ್ತು.

ಮೊದಲು ಗಾಳಿ ಬಂತು, ಅದರ ಬೆನ್ನಿಗೇ ಮಳೆ. ಹನಿ ಅಲ್ಲ, ಕೊಡದಿಂದ ಸುರಿದ ಹಾಗೆ. ಭಾವ ಕಪ್ಪು ಬಿಟ್ಟು ಎದ್ದ. ಕುರ್ಚಿ ಉರುಳಿತು. “ಕಾಯಿ! ಕಾಯಿ!” ಎಂದು ಚೀರುತ್ತ, ಚಪ್ಪಲಿ ಬಿಟ್ಟು ಮನೆಯ ಹಿಂದಕ್ಕೆ ಓಡಿದ.

“ಈಗ,” ಅಂದೆ ಬಡಿಗನಿಗೆ.

ಎರಡು ಜಾಕು ಒಟ್ಟಿಗೆ ತಿರುಗಿದವು, ಒಂದನ್ನು ಬಡಿಗ, ಇನ್ನೊಂದನ್ನು ನನ್ನ ಗಂಡ. ಎರಡೂ ಕಂಬ ಕಲ್ಲು ಬಿಟ್ಟು ಎದ್ದವು. ತಲೆಯ ಮೇಲೆ ಹಂಚಿಲ್ಲ, ಮಳೆ ನೇರ ಮೈಮೇಲೆ. ಮೋಡದ ಕತ್ತಲೆಗೆ ನಾನು ಬ್ಯಾಟರಿ ದೀಪ ಹಿಡಿದಿದ್ದೆ, ಕಣ್ಣೊಳಗೆ ನೀರು. ಸೀಳಿದ ತೊಲೆ ಒಮ್ಮೆ ಚಟ್ಟೆಂದಿತು, ಮೂವರೂ ಉಸಿರು ಹಿಡಿದೆವು, ನಿಂತಿತು. ನನ್ನ ಗಂಡ ಹೂಂ ಅನ್ನದೆ, ಹೋಗಲಿ ಬಿಡು ಅನ್ನದೆ, ಹಲ್ಲು ಕಚ್ಚಿ ಜಾಕು ಹಿಡಿದು ಕೂತಿದ್ದನ್ನು ಅವತ್ತೇ ನಾನು ನೋಡಿದ್ದು. ಒಂದು ತಾಸೂ ಹಿಡಿಯಲಿಲ್ಲ. ಭಾವನ ಪಾಲಿನ ಕಟ್ಟಿಗೆಯ ಕಾಲುಗಳ ಮೇಲೆ ನನ್ನ ಕಂಬಗಳು ಕಲ್ಲಿಗೆ ಇಳಿದವು.

ಉಸಿರು ಬಿಟ್ಟು ಹೊರಗೆ ನೋಡಿದೆ. ಅವರ ಮನೆಯ ಮೂಲೆಯಾಚೆ ಕಣದ ಒಂದು ತುದಿ ಕಾಣುತ್ತದೆ. ಅಲ್ಲಿ ನೆಗೆಣ್ಣಿ ತಲೆಯ ಮೇಲೆ ಸೆರಗು ಹಾಕಿಕೊಂಡು ಸುಮ್ಮನೆ ನಿಂತಿದ್ದಳು. ಭಾವ ಒಬ್ಬನೇ ತಾಡಪಾಲು ಎಳೆದಾಡುತ್ತಿದ್ದ, ಗಾಳಿ ಅದನ್ನು ಕಸಿದುಕೊಳ್ಳುತ್ತಿತ್ತು. ಕಣದಿಂದ ಹರಿದು ಬಂದ ನೀರು ಸಂದಿಯಲ್ಲಿ ಕೆಂಪಗೆ ಇಳಿಯುತ್ತಿತ್ತು. ಪಾಪ, ಎದೆ ಒಡೆದು ನಿಂತಿದ್ದಾಳೆ ಎಂದುಕೊಂಡೆ. ಪಾಪ ಎಂದುಕೊಂಡರೂ ಹೋಗಲಿಲ್ಲ.

ಮಳೆ ನಿಂತರೂ ಮೋಡ ಬಿಡಲಿಲ್ಲ. ನಾವು ಬಿಡುವು ಸಿಕ್ಕಾಗಲೆಲ್ಲ ಹಂಚು ಹೊದಿಸಿ ಮುಗಿಸಿದೆವು. ಭಾವನ ಕಾಯಿ ಬಿಸಿಲಿಲ್ಲದೆ ಒದ್ದೆಯಾಗೇ ಬಿದ್ದಿತ್ತು. ಆರ್‌ಸಿಸಿ ಮನೆಯ ಕೋಣೆಗಳಲ್ಲಿ ಹರವಿದರೆ ಗಾಳಿಯಿಲ್ಲ, ಬೆವತು ಬೂಷ್ಟು ಹಿಡಿಯುತ್ತದೆ. 
ತಾರಸಿಯ ಮೇಲೆ ಹಾಕಿದರೆ ಹನಿ. ಊರಲ್ಲಿ ಹಂಚಿನ, ಎರಡೂ ಕಡೆ ಗಾಳಿಯಾಡುವ, ಹನಿ ಸೋರದ ಜಾಗ ಹತ್ತಿರದಲ್ಲಿ ಒಂದೇ ಇತ್ತು. ಎಮ್ಮೆಗಳನ್ನು ನಾನಿನ್ನೂ ಒಳಗೆ ಕಟ್ಟಿರಲಿಲ್ಲ.

ಎರಡನೇ ದಿನ ಭಾವ ಬಂದ. ಬಾಗಿಲ ಹೊರಗೆ ನಿಂತು, ನನ್ನ ಗಂಡನನ್ನು ನೋಡುತ್ತ ಹೇಳಿದ: “ನಾಕ ದಿನ ಕಾಯಿ ಹರವಾಕ ಒಂಚೂರು ಜಾಗ ಕೊಡ್ರಿ.”

ನನ್ನ ಗಂಡ ಬಾಯಿ ತೆರೆದರು. ಹೂಂ ಬರುವ ಮೊದಲೇ ನಾನು ಮುಂದೆ ಬಂದೆ.

“ಕೊಡ್ತೇವ್ರಿ. ಮೊದಲ ಹಿರ್ಯಾರನ್ನ ಕರಕೊಂಡ ಬರ್ರಿ. ಅವರ ಮುಂದ, ಕೊಟ್ಟಿಗಿ ನಿಂತೈತಿ, ಜಾಗ ನನ್ನ ತಮ್ಮಂದು ಅಂತ ನಿಮ್ಮ ಬಾಯಿಲೆ ಹೇಳ್ರಿ. ಆಮ್ಯಾಲೆ ಹರವ್ರಿ.”

ಅವನು ಚಪ್ಪಲಿಯ ಕೆಸರನ್ನು ಬಾಗಿಲ ಕಲ್ಲಿಗೆ ಒರೆಸಿದ. ಆಮೇಲೆ ಹೋದ. ಸಂಜೆ ಹಿರಿಯರು ಬಂದರು. ದೊಡ್ಡವರು ಕಂಬಗಳನ್ನು ಒಂದೊಂದಾಗಿ ಕೈಯಿಂದ ಬಡಿದು ನೋಡಿದರು. ಭಾವ ನೆಲ ನೋಡುತ್ತ ಏನೋ ಗೊಣಗಿದ.

“ಕೇಳಿಸಲಿಲ್ರಿ,” ಅಂದೆ.

“ನಿಂತೈತಿ,” ಅಂದ. “ಜಾಗ ತಮ್ಮಂದು.”

ಖರೇ ಹೇಳುತ್ತೇನೆ, ನನ್ನ ಮದುವೆಯ ದಿನವೂ ಅಷ್ಟು ಖುಷಿಯಾಗಿರಲಿಲ್ಲ. ಮುಗುಳ್ನಗೆ ಸೆರಗಿನೊಳಗೆ ಹಿಡಿಸದಾಯಿತು.

ಕಾಯಿ ಬಂದು ಕೊಟ್ಟಿಗೆಯ ನೆಲ ತುಂಬಿತು. ಬಣ್ಣ ಹೋಗಿತ್ತು, ಅರ್ಧಕ್ಕರ್ಧ ಬಿಳಿಚಿಕೊಂಡಿತ್ತು, ಬ್ಯಾಡಗಿಯಲ್ಲಿ ಅದನ್ನು ಮುಟ್ಟಿ ನೋಡುವವರೂ ಕಡಿಮೆ. ನೆಗೆಣ್ಣಿ ದಿನಾ ಬಂದು ಕಾಯಿ ತಿರುವಿ ಹಾಕುತ್ತಿದ್ದಳು. ಒಂದು ದಿನ ಬೆಳಿಗ್ಗೆ ನಾನು ಹೊರಗೆ ಬೇವಿನ ಕೆಳಗೆ ಹಾಲು ಕರೆದು, ಒಳಗೆ ಬಂದು ಕ್ಯಾನಿಗೆ ಸೋಸುತ್ತಿದ್ದೆ. ಇಬ್ಬರೇ ಇದ್ದೆವು. ಸುಮ್ಮನಿರಲಾರದೆ, “ಭಾಳ ಲುಕ್ಸಾನ ಆತಲ್ಲಕ್ಕಾ,” ಅಂದೆ. ಹುಣ್ಣಿನ ಮೇಲೆ ಬೆರಳಿಡುವ ಆಸೆಯಿಂದಲೇ ಅಂದೆ.

ಆಕೆ ತಲೆ ಎತ್ತಲಿಲ್ಲ. ಕೈ ಕಾಯಿಯೊಳಗೇ ಇತ್ತು.

“ಮೋಡ ನಿನಗ ಒಬ್ಬಾಕಿಗೇ ಕಂಡಿದ್ದಿಲ್ಲ ತಂಗಿ. ನಾನೂ ನೋಡಿದ್ದೆ. ನಿನಕಿಂತ ಮೊದಲ ನೋಡಿದ್ದೆ.”

ನನ್ನ ಕೈಯ ಚರಿಗೆ ಅಲ್ಲೇ ನಿಂತಿತು. “ಮತ್ತ ಕರೀಲಿಲ್ಲ ಯಾಕ?”

“ಗಿಡದಿಂದ ಕಾಯಿ ಹರಿದಾಕಿ ನಾನು, ಹೊತ್ತಾಕಿ ನಾನು, ಬಿಸಲಾಗ ತಿರುವಿದಾಕಿ ನಾನು. ಅವರು ಕುರ್ಚಿ ಮ್ಯಾಲೆ. ಒಂದ ದಿನರೆ ಕಣಕ್ಕ ಬರ್ರಿ ಅಂದ್ರ, ಕೊಟ್ಟಿಗಿ ಬೀಳೂದ ನೋಡಿ ಬರ್ತೇನಿ ಅಂತಿದ್ರು. ಫೋನ್ ನನ್ನ ಸೊಂಟದಾಗಽ ಇತ್ತು. ಕಾಯಿ ತೊಯ್ಲಿ ಅಂದೆ.”

ಒಂದು ರಾಶಿ ಮುಗಿಸಿ ಇನ್ನೊಂದಕ್ಕೆ ಜರಗಿದಳು. ನಾನು ಐದಾರು ವರ್ಷ ಹೊಟ್ಟೆಯಲ್ಲಿಟ್ಟು ಸಾಕಿದ ಸೇಡು, ನಾನೇ ಚಹಾ ಒಯ್ದು ತೀರಿಸಿಕೊಂಡೆ ಎಂದುಕೊಂಡ ಸೇಡು. ಅದನ್ನು ಈಕೆ ನನಗಿಂತ ಮೊದಲೇ, ತನ್ನ ದುಡಿಮೆಯನ್ನೇ ಸುಟ್ಟುಕೊಂಡು ತೀರಿಸಿಕೊಂಡಿದ್ದಳು. ನನಗೆ ಮೋಸವಾದ ಹಾಗೆ ಸಿಟ್ಟು ಬಂತು. ಕ್ಯಾನಿನ ಮುಚ್ಚಳ ಹುಡುಕಿದೆ.

“ಅಲ್ಲಿ ನಿಂತಾಗ,” ಅಂದಳು ಆಕೆ, ಈಗ ಬಾಗಿಲ ಎರಡು ಕಂಬಗಳ ಕಡೆ ನೋಡುತ್ತ, “ಇವೆರಡೂ ಕೂಡೇ ಎದ್ದದ್ದನ್ನೂ ನೋಡೇನಿ.”

ಹೊರಗೆ ಮೊದಲ ಬಸ್ಸಿನ ಹಾರ್ನ್ ಕೇಳಿಸಿತು.

“ಭಾವಾರಿಗೆ ಹೇಳೀಯೇನಕ್ಕಾ?”

“ಇನ್ನೂ ಹೇಳಿಲ್ಲ,” ಅಂದಳು.

ಅವತ್ತಿನಿಂದ ಬೆಳಗಿನ ಹಾಲಿನಲ್ಲಿ ಮೊದಲ ಚರಿಗೆ ಆಕೆಯ ಮನೆಗೆ ಹೋಗುತ್ತದೆ, ರಾಣೇಬೆನ್ನೂರಿನ ಕ್ಯಾನು ಆಮೇಲೆ ತುಂಬುತ್ತದೆ. ನೀರು ಬೆರೆಸುವುದಿಲ್ಲ. ಆಕೆ ಕೇಳಿಲ್ಲ, ಬೇಡವೆಂದೂ ಹೇಳಿಲ್ಲ.